ಹದಿನೇಳನೇ ನಂಬರಿನ ಡಬ್ಬಿ

ನಾಚಿಕೆಪಟ್ಟುಕೊಂಡರೆ ಎಂಥ ಫಜೀತಿಯಾಗುತ್ತದೆ ಅನ್ನುವುದು ಫಾರ್ಮ್ ಸಾಹೇಬರಿಗೆ ಅರ್ಥವಾಗುವ ಹೊತ್ತಿಗೆ, ಅವರ ಹೊಟ್ಟೆಯೊಳಗಿನ ಸಮಾಚಾರ ಇಡೀ ಬೀದಿಗೆ ಗೊತ್ತಾಗಿಹೋಗಿತ್ತು.

ಸಾಹೇಬರು ಅಂದರೆ ಯಾವ ಕಚೇರಿಯ ಸಾಹೇಬರೂ ಅಲ್ಲ. ಮನೆಯ ಹಿಂದೆ ತಗಡಿನ ಶೆಡ್ಡು ಎಬ್ಬಿಸಿ, ಹಾಲಿಗೆಂದು ಆಡು ಸಾಕಿ, ಗೇಟಿಗೆ ‘ಫಾರ್ಮ್’ ಅಂತ ಬೋರ್ಡು ತೂಗಿಹಾಕಿದ ದಿನ ಎದುರು ಮನೆಯ ಕಿಟಕಿಯಮ್ಮ ಗೇಲಿಗೆಂದು ಇಟ್ಟ ಹೆಸರು ಅದು. ಬೆಳಗಾದರೆ ಕಿಟಕಿಗೆ ಬಂದು ಕೂತರೆ ದೀಪ ಹಚ್ಚುವ ತನಕ ಆ ತಾಯಿ ಅಲ್ಲಿಂದ ಏಳುವುದಿಲ್ಲ, ಹಾಗಾಗಿ ಆಕೆಗೂ ಬೀದಿಯವರೇ ಹೆಸರಿಟ್ಟಿದ್ದರು. ಆದರೆ ಸಾಹೇಬರು ತಮ್ಮ ಹೆಸರನ್ನು ಗೇಲಿ ಅಂದುಕೊಳ್ಳಲೇ ಇಲ್ಲ. ಬಿರುದು ಬಂದವರ ಹಾಗೆ ಹೆಗಲೇರಿಸಿಕೊಂಡು ಓಡಾಡಿದರು. ಶರ್ಟಿನ ಜೇಬಿನಲ್ಲಿ ಸದಾ ಒಂದು ಸ್ಯಾನಿಟೈಸರ್ ಬಾಟಲಿ. ಆಡು ಮುಟ್ಟಿದರೆ ಒಂದು ಹನಿ, ಬಿಟ್ಟರೆ ಒಂದು ಹನಿ. ಮಾತು ಎತ್ತಿದರೆ, “ಫಾರ್ಮ್ ಅಂದ್ಮೇಲೆ ಶುಚಿ ಇರ್ಬೇಕು” ಅನ್ನುತ್ತಿದ್ದರು.

ಆ ಶುಚಿಯೇ ಈಗ ಕುತ್ತಿಗೆಗೆ ಬಂದಿತ್ತು. ಹುಡುಗಿಯರ ಹಾಸ್ಟೆಲ್ಲಿನ ವಾರ್ಡನಮ್ಮನ ಹಿಂದೆ ಬಿದ್ದು, ಗೋಗರೆದು, ದಿನವೂ ಅಲ್ಲಿಗೇ ಹಾಲು ಕೊಡುವ ಆರ್ಡರನ್ನು ಸಾಹೇಬರು ಹತ್ತಿರ ಹತ್ತಿರ ಗಿಟ್ಟಿಸಿಕೊಂಡಿದ್ದರು. ಅದು ಸಿಕ್ಕಿದರೆ ಮನೆಮನೆಗೆ ಸೈಕಲ್ಲು ತುಳಿಯುವುದು ತಪ್ಪುತ್ತದೆ. ಸಿಗದಿದ್ದರೆ ಆಡುಗಳನ್ನು ಮಾರಿ, ಹೆಂಡತಿಯ ಅಣ್ಣನ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂರಬೇಕು. ಆ ಸ್ಟೂಲನ್ನು ಭಾವ ಈಗಾಗಲೇ ಒರೆಸಿಟ್ಟಿದ್ದಾನೆ ಅನ್ನುವ ಸುದ್ದಿಯೂ ಬಂದಿತ್ತು.

ವಾರ್ಡನಮ್ಮ ಕೇಳಿದ್ದು ಎರಡೇ. ಆಡುಗಳ ಹಿಕ್ಕೆ ಪರೀಕ್ಷೆಯಾಗಿ ದನದ ಡಾಕ್ಟರಿಂದ ಸರ್ಟಿಫಿಕೇಟು ಬರಬೇಕು. ಹಾಲು ಕರೆಯುವವರ ಮಲ ಪರೀಕ್ಷೆಯಾಗಿ ಮನುಷ್ಯರ ಡಾಕ್ಟರಿಂದ ಸರ್ಟಿಫಿಕೇಟು ಬರಬೇಕು. “ಆಡಿನ ಹೊಟ್ಟೇಲಿರೋದು ಮಕ್ಕಳ ಹೊಟ್ಟೆಗೆ ಬರಬಾರ್ದು, ನಿಮ್ಮ ಹೊಟ್ಟೇಲಿರೋದೂ ಬರಬಾರ್ದು” ಅಂತ ಆಕೆ ಮುಖ ಗಂಟು ಹಾಕಿಕೊಂಡು ಹೇಳಿದ್ದರು.

ಮೊನ್ನೆ ಬೆಳಗ್ಗೆ ಹೆಂಡತಿ ಶೆಡ್ಡಿನಲ್ಲಿ ಒಂದೊಂದು ಆಡಿನ ಹಿಂದೆಯೂ ಕಾದು ನಿಂತು, ಬಿಸಿಬಿಸಿ ಹಿಕ್ಕೆಯನ್ನು ಪುಟ್ಟ ಡಬ್ಬಿಗಳಿಗೆ ತುಂಬಿ, ಕಿವಿಯ ಬಿಲ್ಲೆಯಲ್ಲಿದ್ದ ನಂಬರನ್ನು ಡಬ್ಬಿಯ ಮೇಲೆ ಬರೆದು ಜಗಲಿಯಲ್ಲಿ ಜೋಡಿಸಿಟ್ಟಳು. ಸಾಹೇಬರ ಡಬ್ಬಿಯೂ ಸಿದ್ಧವಾಯಿತು. ಆದರೆ ಅದರ ಮೇಲೆ ಹೆಸರು ಬರೆಯಬೇಕಲ್ಲ! ದಾರಿಯಲ್ಲಿ ಕಿಟಕಿಯಮ್ಮ ಚೀಲ ಇಣುಕದೆ ಬಿಡುವವಳೇ? ಹೆಸರು ಕಂಡರೆ ಮುಗಿಯಿತು. ಸಾಹೇಬರು ಯೋಚಿಸಿ ಯೋಚಿಸಿ ಕೊನೆಗೆ ‘೧೭’ ಅಂತ ಬರೆದರು. ಹದಿನೇಳನೇ ನಂಬರಿನ ಆಡನ್ನು ಹಿಂದಿನ ಬೀದಿಯ ರಿಟೈರ್ಡ್ ಮೇಷ್ಟ್ರಿಗೆ ಮಾರಿ ಬಹಳ ಕಾಲವಾಗಿತ್ತು, ಆ ನಂಬರು ಖಾಲಿ ಬಿದ್ದಿತ್ತು. ಡಬ್ಬಿಯನ್ನು ಉಳಿದವುಗಳ ನಡುವೆ ಇಟ್ಟು, ತಮ್ಮ ಬುದ್ಧಿಗೆ ತಾವೇ ತಲೆದೂಗಿ ಸ್ನಾನಕ್ಕೆ ಹೋದರು.

ದನದ ಆಸ್ಪತ್ರೆಯಲ್ಲಿ ಕಂಪೌಂಡರು ಚೀಲವನ್ನೇ ಕಿತ್ತುಕೊಂಡು ಟೇಬಲ್ಲಿನ ಮೇಲೆ ಸುರಿದುಕೊಂಡು, ಖಾಲಿ ಚೀಲ ಕೈಗೆ ಕೊಟ್ಟ. ಎದುರಿನ ಕ್ಲಿನಿಕ್ಕಿಗೆ ಹೋಗಿ ಕೈಹಾಕಿದರೆ ಚೀಲದಲ್ಲಿ ಏನೂ ಇಲ್ಲ! ವಾಪಸ್ಸು ಹೋಗಿ, “ಅದರಲ್ಲೊಂದು ನಂದು ಕಣಪ್ಪಾ” ಅನ್ನಲು ಬಾಯಿ ಬರಲಿಲ್ಲ. ಇನ್ನೊಂದು ದಿನ ತಂದುಕೊಟ್ಟರಾಯಿತು ಅಂತ ಸಾಹೇಬರು ಮನೆಗೆ ಬಂದುಬಿಟ್ಟರು.

ಇವತ್ತು ವಾರ್ಡನಮ್ಮ ಶೆಡ್ಡು ನೋಡಲು ಬರುವ ದಿನ. ಆಕೆಗಿಂತ ಮೊದಲೇ ದನದ ಡಾಕ್ಟರ ಸ್ಕೂಟರು ಬಂತು. ದೊಡ್ಡಿಯ ಆ ಕಡೆ ನಿಂತವರಿಗೆ ಕೇಳುವಂತೆ ಕೂಗಿ ಕೂಗಿ ಅಭ್ಯಾಸವಾದ ಗಂಟಲು ಅವರದು. ಗುಟ್ಟು ಹೇಳಿದರೂ ಬೀದಿಯ ಕೊನೆಗೆ ತಲುಪುತ್ತದೆ.

“ಸಾಹೇಬ್ರೇ, ನಿಮ್ಮ ಆಡುಗಳೆಲ್ಲ ಚೊಕ್ಕಟ! ಆದ್ರೆ ಆ ಹದಿನೇಳನೇ ನಂಬರು ಇದೆಯಲ್ಲ, ಅದರ ಹೊಟ್ಟೆ ಮಾತ್ರ ಕೇಳ್ಬೇಡಿ!”

ಎದುರು ಮನೆಯ ಕಿಟಕಿಯ ಪರದೆ ಸರಕ್ಕನೆ ಸರಿಯಿತು.

ಸಾಹೇಬರು ಆ ಕಡೆ ಒಮ್ಮೆ ನೋಡಿದರು. “ಸ್ವಲ್ಪ ಮೆಲ್ಲಗೆ ಮಾತಾಡಿ ಡಾಕ್ಟ್ರೇ. ಏನಾಗಿದೆ?”

“ಏನಾಗಿಲ್ಲ ಅಂತ ಕೇಳಿ! ಹುಳ ಇದೆ. ಅದು ಹೋಗ್ಲಿ ಬಿಡಿ, ಆಡಿನ ಹುಳದಲ್ಲಿ ಬಹಳಷ್ಟು ಆಡಿನಲ್ಲೇ ಇರ್ತವೆ. ಆದ್ರೆ ಇದರಲ್ಲಿ ಹುಳಕ್ಕಿಂತ ಚಿಕ್ಕದು, ಕಣ್ಣಿಗೇ ಕಾಣದ್ದು ಒಂದು ಸೇರ್ಕೊಂಡಿದೆ. ಅದು ಮನುಷ್ಯರಿಗೂ ಅಂಟುತ್ತೆ. ಕೈಯಿಂದ ಬಾಯಿಗೆ, ನೀರಿಂದ ಬಾಯಿಗೆ, ಕಾಯಿಸದ ಹಾಲಿಂದ ಬಾಯಿಗೆ. ಆಮೇಲೆ ಭೇದಿ ಹಿಡಿದ್ರೆ ಚೆಂಬು ಕೆಳಗಿಡೋಕೆ ಬಿಡಲ್ಲ. ಎಲ್ಲಿ ಅದು? ಹಿಡ್ಕೊಂಬನ್ನಿ, ಕಣ್ಣಿನ ರೆಪ್ಪೆ ಬಿಡಿಸಿ ನೋಡ್ತೀನಿ.”

ಸಾಹೇಬರ ಕೈ ತಾನಾಗಿಯೇ ತಮ್ಮ ರೆಪ್ಪೆಯ ಕಡೆ ಹೋಯಿತು. ಅಯ್ಯೋ ಕರ್ಮವೇ, ಆ ಡಬ್ಬಿ ನಂದು ಅಂತ ಯಾವ ಬಾಯಲ್ಲಿ ಹೇಳಲಿ? ಶೆಡ್ಡಿಗೆ ಓಡಿ, ಕೈಗೆ ಸಿಕ್ಕ ಆಡೊಂದನ್ನು ಕಿವಿ ಮುಚ್ಚಿ ಹಿಡಿದು ಎಳೆದುಕೊಂಡು ಬಂದರು. ಅದು ತಲೆ ಒದರಿತು.

“ಇದರ ಕಿವೀಲಿ ಒಂಬತ್ತು ಅಂತಿದೆಯಲ್ರೀ!” ಎಂದರು ಡಾಕ್ಟರು.

ಸಾಹೇಬರು ತೊದಲುವಷ್ಟರಲ್ಲಿ ಕಿಟಕಿ ಮಾತಾಡಿತು. “ಹದಿನೇಳು ಅಲ್ಲೆಲ್ಲಿದೆ ಡಾಕ್ಟ್ರೇ? ಅದನ್ನ ಹೋದ ವರ್ಷವೇ ಮೇಷ್ಟ್ರಿಗೆ ಮಾರಿದ್ರಲ್ಲ! ಎಡಗೊಂಬು ಸ್ವಲ್ಪ ಸೊಟ್ಟ.”

“ಮಾರಿದ ಆಡಿನ ಹಿಕ್ಕೆ ಇಲ್ಲಿಂದ ಹೇಗೆ ಬಂತು?” ಡಾಕ್ಟರು ಸಾಹೇಬರ ಮುಖ ನೋಡಿದರು.

ಈ ಪ್ರಶ್ನೆಗೆ ಇದ್ದದ್ದು ಎರಡೇ ಉತ್ತರ. ಒಂದು ನಿಜ, ಇನ್ನೊಂದು ಸುಳ್ಳು. ಸಾಹೇಬರು ಸುಳ್ಳು ಹೇಳಿದರು. “ಅದೂ… ಮೇಷ್ಟ್ರು ವಯಸ್ಸಾದವರು. ಅವರ ಆಡಿಗೂ ಒಂದು ಟೆಸ್ಟ್ ಆಗ್ಲಿ ಅಂತ ನಾನೇ ಇಟ್ಟೆ. ಉಪಕಾರಕ್ಕೆ.”

ಉಪಕಾರದ ಫಲ ತಡವಾಗಲಿಲ್ಲ. ಕಿಟಕಿಯಮ್ಮ ಸಾಹೇಬರ ಹಿತ್ತಿಲಾಚೆಯ ಬೀದಿಗೆ ಕೇಳುವಂತೆ ಒಂದೇ ಒಂದು ಕೂಗು ಹಾಕಿದಳು. ಮೇಷ್ಟ್ರು ಲುಂಗಿ ಎತ್ತಿಕಟ್ಟಿಕೊಂಡು, ಹೊಟ್ಟೆ ಹಿಡಿದುಕೊಂಡು, ಓಡಿಯೇ ಬಂದರು.

“ಏನಪ್ಪಾ! ಹುಳದ ಆಡು ಮಾರಿ ನನ್ನ ಸಾಯಿಸೋಕೆ ಹೊರಟಿದ್ಯಾ? ಬೆಳಗ್ಗೆಯಿಂದ ನನಗೆ ಹೊಟ್ಟೆ ಕಿವುಚ್ತಿದೆ!”

“ಬೆಳಗ್ಗೆಯಿಂದಾನೋ, ಈಗಿಂದಾನೋ ಮೇಷ್ಟ್ರೇ?” ಡಾಕ್ಟರು ಕೇಳಿದರು.

“ಈಗ ಗೊತ್ತಾಯ್ತು, ಬೆಳಗ್ಗೆಯಿಂದ ಇತ್ತು ಅಂತ!” ಮೇಷ್ಟ್ರು ಗುಡುಗಿದರು. “ಎರಡು ಹೊತ್ತೂ ಹಸಿ ಹಾಲು ಕುಡೀತೀನಿ ಕಣಯ್ಯಾ. ಕಾಯಿಸಿದ್ರೆ ಸತ್ವ ಹೋಗುತ್ತೆ ಅಂತ ಎಲ್ಲರಿಗೂ ಪಾಠ ಹೇಳಿದೀನಿ. ಆ ಆಡು ಕಟ್ಟಿಹಾಕಿದ್ರೆ ನಿಲ್ಲಲ್ಲ, ಬೆಳಗಾಗೋದ್ರೊಳಗೆ ಹಗ್ಗ ಬಿಚ್ಕೊಂಡು ಎಲ್ಲೋ ಅಲೆದು ಬರುತ್ತೆ, ಅದನ್ನೂ ಸಹಿಸ್ಕೊಂಡೆ. ಇನ್ನು ಆಗಲ್ಲ. ಮಧ್ಯಾಹ್ನವೇ ಕಟುಕನಿಗೆ ಹೇಳಿಕಳಿಸ್ತೀನಿ!”

ಅಷ್ಟರಲ್ಲಿ ಗೇಟಿನ ಮುಂದೆ ಕಾರು ನಿಂತು ವಾರ್ಡನಮ್ಮ ಇಳಿದರು. ಆಕೆ ಬಂದ ಗಳಿಗೆಯೋ! ಕಿಟಕಿಯಮ್ಮ ಕಿಟಕಿ ಬಿಟ್ಟು ಬೀದಿಗೇ ಇಳಿದಿದ್ದಳು. ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಆರಿಸಿ ಬಂದಿದ್ದ. ಫಾರ್ಮಿನ ಹಾಲು ಕೊಳ್ಳುವ ಇಬ್ಬರು ಗೃಹಿಣಿಯರು ಆಗಲೇ ತಮ್ಮ ತಮ್ಮ ಹೊಟ್ಟೆ ಒತ್ತಿ ನೋಡಿಕೊಳ್ಳುತ್ತಿದ್ದರು.

“ಏನು ಗಲಾಟೆ?” ಅಂದರು ವಾರ್ಡನಮ್ಮ.

“ಏನಿಲ್ಲ ಮೇಡಂ, ಬನ್ನಿ ಬನ್ನಿ. ಮೊದಲು ಶುಚಿ ನೋಡಿ” ಎಂದು ಸಾಹೇಬರು ಜೇಬಿನಿಂದ ಬಾಟಲಿ ತೆಗೆದು ಎಲ್ಲರ ಎದುರು ಕೈಗೆ ಸವರಿಕೊಂಡು ತೋರಿಸಿದರು. “ಆಡು ಮುಟ್ಟಿದಾಗಲೆಲ್ಲ ಇದನ್ನೇ ಹಚ್ಕೋತೀನಿ.”

“ನಾನು ಹೇಳಿದ ಆ ಕಣ್ಣಿಗೆ ಕಾಣದ್ದು ಇದೆಯಲ್ಲ,” ಡಾಕ್ಟರು ಅಡ್ಡಬಾಯಿ ಹಾಕಿದರು, “ಅದು ಇದಕ್ಕೆಲ್ಲ ಸಾಯಲ್ಲ ಮೇಡಂ. ಸೋಪು ಹಚ್ಚಿ, ನೀರು ಸುರಿದು, ಉಜ್ಜಿ ಉಜ್ಜಿ ತೊಳೀಬೇಕು.”

“ಸೋಪು ಎಲ್ಲಿದೆ ಇಲ್ಲಿ?”

ಶೆಡ್ಡಿನಲ್ಲಿ ಸೋಪು ಇರಲಿಲ್ಲ. ಸಾಹೇಬರು ಡಾಕ್ಟರನ್ನು ನುಂಗುವ ಹಾಗೆ ನೋಡಿದರು. ಈ ಮನುಷ್ಯ ನನ್ನ ಕಡೆಯವನೋ, ಹುಳದ ಕಡೆಯವನೋ! ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಂಡು, “ಈಗ ತರ್ತೀನಿ” ಎಂದು ಅಂಗಡಿಗೆ ಓಡಿದಳು. ಮೂಲೆಯಂಗಡಿ ಮುಚ್ಚಿತ್ತು. ಆಕೆ ಮಾರ್ಕೆಟ್ಟಿನ ತನಕ ಹೋಗಬೇಕಾಯಿತು. ಆ ಹೊತ್ತಿನಲ್ಲಿ ಅವಳು ಅಲ್ಲಿರದೆ ಹೋದದ್ದೇ ಎಡವಟ್ಟಾಯಿತು.

ಮೇಷ್ಟ್ರು ವಾರ್ಡನಮ್ಮನನ್ನು ಬಿಡಲಿಲ್ಲ. “ನೋಡಿ ತಾಯೀ, ಇವನ ಫಾರ್ಮಿನಲ್ಲಿ ಹುಟ್ಟಿದ ಆಡು. ಇಲ್ಲಿಂದಲೇ ರೋಗ ಹೊತ್ಕೊಂಡು ನನ್ನ ಮನೆಗೆ ಬಂದಿದೆ. ನನ್ನ ಗತಿ ಹೀಗಾಯ್ತು, ಇನ್ನು ನಿಮ್ಮ ಮಕ್ಕಳ ಗತಿ ಏನು?”

“ಅದೂ ನಿಜವೇ ಅಲ್ವಾ?” ಕಿಟಕಿಯಮ್ಮ ಕೆನ್ನೆಗೆ ಕೈ ಹಚ್ಚಿದಳು. “ಹೆಣ್ಮಕ್ಕಳು, ಪರೀಕ್ಷೆ ಬೇರೆ ಹತ್ರ ಬರ್ತಿದೆ.”

ವಾರ್ಡನಮ್ಮನ ಮುಖ ಮೊದಲೇ ಗಂಟು. ಈಗ ಆ ಗಂಟು ಬಿಚ್ಚಲಾರದಷ್ಟು ಬಿಗಿಯಾಯಿತು. “ರೋಗದ ಆಡು ಮಾರೋ ಕಡೆಯಿಂದ ನಮಗೆ ಹಾಲು ಬೇಡ” ಎಂದು ಆಕೆ ಕಾರಿನ ಕಡೆ ತಿರುಗಿದರು.

ಸಾಹೇಬರಿಗೆ ಭಾವನ ಅಂಗಡಿಯ ಸ್ಟೂಲು ಕಣ್ಣಮುಂದೆ ಬಂದು ನಿಂತಿತು. ಪಾಪದ ಹದಿನೇಳು, ಸೊಟ್ಟ ಕೊಂಬಿನದು, ಕಟುಕನ ಹಿಂದೆ ಹೋಗುವುದೂ ಕಾಣಿಸಿತು. ಹೊಟ್ಟೆ ಹಿಡಿದುಕೊಂಡು ಕಲ್ಲಿನ ಮೇಲೆ ಕುಸಿದಿದ್ದ ಮೇಷ್ಟ್ರ ಮುಖ ನೋಡಿದರೆ, ಸುಮ್ಮನೆ ಹೆದರಿಕೆಯಿಂದಲೇ ಅವರು ಸಂಜೆಯೊಳಗೆ ಹಾಸಿಗೆ ಹಿಡಿಯುವುದು ಖಂಡಿತವಿತ್ತು. ಇಷ್ಟೆಲ್ಲ ಅನಾಹುತ ಒಂದು ಡಬ್ಬಿಯ ಮೇಲೆ ಹೆಸರು ಬರೆಯಲು ನಾಚಿಕೊಂಡಿದ್ದಕ್ಕೆ! ಅವರಿಗೆ ತಮ್ಮ ಮೇಲೇ ರೇಗಿತು.

“ಮೇಡಂ, ನಿಲ್ಲಿ!” ಸಾಹೇಬರು ಕಣ್ಣು ಮುಚ್ಚಿಕೊಂಡು ಕೂಗಿದರು. “ಹದಿನೇಳು ಆಡಲ್ಲ. ಹದಿನೇಳು ನಾನು!”

ಒಂಬತ್ತನೇ ನಂಬರಿನ ಆಡು ಮಾತ್ರ ಬ್ಯಾ ಅಂದಿತು.

ಸಾಹೇಬರು ಎಲ್ಲವನ್ನೂ ಹೇಳಿದರು. ಡಬ್ಬಿ, ನಾಚಿಕೆ, ಖಾಲಿ ನಂಬರು, ಕಂಪೌಂಡರು, ಖಾಲಿ ಚೀಲ. ಹೇಳುತ್ತಾ ಹೋದಂತೆ ಸುತ್ತ ನಿಂತವರು ಒಬ್ಬೊಬ್ಬರೇ ಒಂದೊಂದು ಹೆಜ್ಜೆ ಹಿಂದೆ ಸರಿದರು. ಇಸ್ತ್ರಿಯವನು ಆ ಮುಂಜಾನೆ ಸಾಹೇಬರಿಂದ ಬೆಂಕಿಪೊಟ್ಟಣ ಇಸಿದುಕೊಂಡಿದ್ದ. ಅದನ್ನು ಜೇಬಿನಿಂದ ತೆಗೆದು ಎರಡು ಬೆರಳಲ್ಲಿ ಹಿಡಿದು ಚರಂಡಿಗೆ ಎಸೆದ.

“ನನಗೆ ಮೊದಲೇ ಅನುಮಾನ ಬಂದಿತ್ತು” ಎಂದರು ಡಾಕ್ಟರು ಗಂಭೀರವಾಗಿ. ರಿಪೋರ್ಟನ್ನು ಅವರು ಫೋನಿನಲ್ಲಿ ಕೇಳಿಸಿಕೊಂಡಿದ್ದರೇ ಹೊರತು ಡಬ್ಬಿಯನ್ನು ಕಣ್ಣಲ್ಲಿ ನೋಡಿಯೂ ಇರಲಿಲ್ಲ. “ಹಾಗಾದ್ರೆ ಆಡುಗಳು ಅಷ್ಟೂ ಶುದ್ಧ ಮೇಡಂ. ಹಾಳಾಗಿರೋದು ಇವರೊಬ್ಬರೇ.”

“ಔಷಧಿ ಬರ್ಕೊಡಿ ಡಾಕ್ಟ್ರೇ, ಆಡಿಗೆ ಕೊಡೋದನ್ನೇ ಕೊಡಿ, ಬೇಗ ಹೋಗುತ್ತೆ” ಎಂದಳು ಕಿಟಕಿಯಮ್ಮ.

“ಎರಡು ಕಾಲಿನವರಿಗೆ ನಾನು ಬರೆಯೋ ಹಾಗಿಲ್ಲ ತಾಯಿ.”

ಮೇಷ್ಟ್ರ ಹೊಟ್ಟೆನೋವು ಬಂದಷ್ಟೇ ಬೇಗ ಮಾಯವಾಯಿತು. ಲುಂಗಿ ಕೊಡವಿಕೊಂಡು ಎದ್ದರು. “ನನ್ನ ಆಡಿನ ಮೇಲೆ ಅಪವಾದ ಹೊರಿಸಿದ್ಯಲ್ಲಪ್ಪಾ! ಹೋಗಿ ಎರಡು ಲೋಟ ಹಸಿ ಹಾಲು ಕುಡೀತೀನಿ, ಆಗಲೇ ಸಮಾಧಾನ” ಎಂದು ಹೊರಟರು.

ವಾರ್ಡನಮ್ಮ ಕಾರಿನ ಬಾಗಿಲು ಬಿಟ್ಟು ವಾಪಸ್ಸು ಬಂದರು. “ನಿಜ ಹೇಳಿದ್ರಲ್ಲ, ಅದಕ್ಕೆ ಮೆಚ್ಚಿದೆ. ಆಡು ಶುದ್ಧ ಇದ್ರೆ ಹಾಲು ತಗೋತೀನಿ. ಆದ್ರೆ ಇನ್ಮೇಲೆ ಹಾಲು ನಿಮ್ಮ ಹೆಂಡ್ತಿ ಕರೀಬೇಕು, ಅವರ ಟೆಸ್ಟೂ ಆಗ್ಬೇಕು. ನೀವು ಶೆಡ್ಡಿನೊಳಗೆ ಕಾಲಿಡಬಾರ್ದು. ಆರ್ಡರ್ ಕಾಗದ ಹಾಸ್ಟೆಲ್ಲಲ್ಲಿದೆ, ಮಧ್ಯಾಹ್ನ ತಂದುಕೊಡ್ತೀನಿ” ಎಂದು ಹೇಳಿ ಕಾರು ಹತ್ತಿದರು. ಡಾಕ್ಟರ ಸ್ಕೂಟರೂ ಹೋಯಿತು.

ಸಾಹೇಬರು ಬೆವರು ಒರೆಸಿಕೊಂಡರು. ಮಾನ ಹೋಯಿತು, ನಿಜ. ಆದರೆ ಆರ್ಡರು ಉಳಿಯಿತು, ಆಡು ಉಳಿಯಿತು, ಮೇಷ್ಟ್ರೂ ಉಳಿದರು. ತಾವು ಬಹಳ ದೊಡ್ಡ ಮನುಷ್ಯರು ಅಂತ ಅವರಿಗೆ ಎಂದೂ ಇಲ್ಲದ ಒಂದು ನೆಮ್ಮದಿಯೂ ಆಯಿತು.

ಸೋಪು ಹಿಡಿದು ಏದುಸಿರು ಬಿಡುತ್ತ ಬಂದ ಹೆಂಡತಿಯನ್ನು ಜಗಲಿಯಲ್ಲಿ ಕೂರಿಸಿ ಕತೆಯೆಲ್ಲ ಹೇಳಿದರು. ಕೇಳುತ್ತಾ ಕೇಳುತ್ತಾ ಅವಳ ಕಣ್ಣು ಅಗಲವಾದವು.

“ರೀ, ಆ ಹದಿನೇಳರ ಡಬ್ಬಿ ನಿಮ್ಮದಾ?”

“ಹೂಂ ಕಣೇ. ಎಷ್ಟು ಸಲ ಹೇಳ್ಲಿ?”

“ಅಯ್ಯೋ, ನಿಮ್ಮದನ್ನ ನಾನು ಮೊನ್ನೆಯೇ ಗೊಬ್ಬರದ ಗುಂಡಿಗೆ ಎಸೆದ್ನಲ್ರೀ!”

“ಎಸೆದ್ಯಾ? ಮತ್ತೆ ಡಾಕ್ಟರ ಹತ್ರ ಹೋದ ಹದಿನೇಳು ಯಾವುದು?”

“ಹದಿನೇಳರದ್ದೇ! ಮೇಷ್ಟ್ರ ಆಡು ದಿನಾ ಬೆಳಗ್ಗೆ ನೀವು ಹಾಲು ಹಾಕೋಕೆ ಹೋದ್ಮೇಲೆ ಹಿಂದಿನ ಗೋಡೆ ಹಾರಿ ಬಂದು ನಮ್ಮ ಆಡುಗಳ ಜೊತೆ ಸಾಲಾಗಿ ನಿಲ್ಲುತ್ತೆ, ಹುಟ್ಟಿದ ಮನೆ, ಪಾಪ. ಒಂದು ಹಿಡಿ ಮೇವು ಹಾಕಿ ಕಳಿಸ್ತೀನಿ. ಮೊನ್ನೆನೂ ಬಂದಿತ್ತು. ಬಂದಿದೆ, ಅದಕ್ಕೂ ಒಂದು ಟೆಸ್ಟ್ ಆಗ್ಲಿ ಅಂತ ಅದರದ್ದೂ ತುಂಬಿಟ್ಟೆ. ಆಮೇಲೆ ನೋಡಿದ್ರೆ ಹದಿನೇಳು ಅಂತ ಎರಡು ಡಬ್ಬಿ. ನಾನೇ ಮರೆತು ಎರಡು ಸಲ ಬರೆದಿದ್ದೀನೇನೋ ಅಂತ ಒಂದನ್ನ ಬಿಸಾಕಿದೆ. ಮುಚ್ಚಳ ತೆಗೆದಾಗ ಗೊತ್ತಾಗಿತ್ತು, ಅದು ಆಡಿನದಲ್ಲದ ಹಾಗಿತ್ತು. ಯಾವುದಕ್ಕೋ ಭೇದಿ ಆಗಿರ್ಬೇಕು ಅಂದ್ಕೊಂಡೆ.”

“ನನಗೆ ಹೇಳ್ಬಾರ್ದಿತ್ತೇನೇ?”

“ನೀವು ಹೇಳ್ಬಾರ್ದಿತ್ತಾ?”

ಸಾಹೇಬರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಅಂದರೆ ಬೆಳಗ್ಗೆ ತಾವು ಹೇಳಿದ ಸುಳ್ಳೇ ನಿಜ. ಊರಿಗೆಲ್ಲ ಕೇಳುವಂತೆ ಕೂಗಿ ಹೇಳಿದ ನಿಜವೇ ಸುಳ್ಳು. ಮೈಮೇಲೆ ಎಳೆದುಕೊಂಡ ಅವಮಾನವಷ್ಟೂ ದಂಡ! ತಲೆ ಚಚ್ಚಿಕೊಳ್ಳಲು ಕೈಯೆತ್ತಿದವರಿಗೆ ಥಟ್ಟನೆ ಮೇಷ್ಟ್ರ ನೆನಪಾಯಿತು. ಎರಡು ಲೋಟ ಹಸಿ ಹಾಲು!

ಚಪ್ಪಲಿ ಮೆಟ್ಟದೆ ಓಡಿದರು. ಮೇಷ್ಟ್ರು ಅಂಗಳದ ಕುರ್ಚಿಯಲ್ಲಿ ಕೂತು, ನೊರೆಯಿದ್ದ ಲೋಟವನ್ನು ಬಾಯ ಹತ್ತಿರ ತಂದಿದ್ದರು. ಮಾತಾಡಲು ಉಸಿರಿಲ್ಲದ ಸಾಹೇಬರು ಕೈ ಬೀಸಿದರು. ಲೋಟ ಠಣಾರನೆ ಹಾರಿತು. ಹಾಲು ಮೇಷ್ಟ್ರ ಎದೆಯಿಂದ ಲುಂಗಿಗೆ ಇಳಿಯಿತು.

“ಅಯ್ಯಯ್ಯೋ! ಹದಿನೇಳು ನನ್ನ ಲೋಟ ಮುಟ್ಟಿದ! ಅಂಟಿಸಿಬಿಟ್ಟ!” ಮೇಷ್ಟ್ರ ಕೂಗು ಎರಡು ಬೀದಿಗೂ ಕೇಳಿಸಿತು.

ಬೆಳಗ್ಗೆ ಇದ್ದವರೆಲ್ಲ ಮತ್ತೆ ಸೇರಿದರು. ಕಿಟಕಿಯಮ್ಮ ಎಲ್ಲರಿಗಿಂತ ಮೊದಲು. “ಹತ್ರ ಹೋಗ್ಬೇಡಿ, ಹತ್ರ ಹೋಗ್ಬೇಡಿ!”

“ಕೇಳಿ ಇಲ್ಲಿ!” ಸಾಹೇಬರು ಗಂಟಲು ಹರಿದುಕೊಂಡರು. “ಹದಿನೇಳು ನಾನಲ್ಲ! ಆಡೇ ಹದಿನೇಳು! ರೋಗ ಇರೋದು ಆಡಿಗೇ! ಮೇಷ್ಟ್ರೇ, ಆ ಹಾಲು ಕಾಯಿಸದೆ ಕುಡೀಬೇಡಿ!”

“ಬೆಳಗ್ಗೆ ಆಡು ಅಂದೆ, ಆಮೇಲೆ ನಾನು ಅಂದೆ, ಈಗ ಮತ್ತೆ ಆಡು ಅಂತೀಯಾ?” ಮೇಷ್ಟ್ರು ಲುಂಗಿ ಹಿಂಡುತ್ತ ಕೇಳಿದರು. “ಮೂಕಪ್ರಾಣಿ ಬಂದು ಜಗಳ ಆಡಲ್ಲ ಅಂತ ಅದರ ತಲೆಗೆ ಕಟ್ತಿದ್ದೀಯಾ?”

“ಪಾಪ, ತಲೆಗೇ ಏರಿರ್ಬೇಕು” ಎಂದ ಇಸ್ತ್ರಿಯವನು.

ಸಾಹೇಬರು ಆಣೆ ಹಾಕಿದರು, ಕೈ ಮುಗಿದರು, ಹೆಂಡತಿಯನ್ನು ಕರೆಸಿ ಹೇಳಿಸಿದರು. ಗಂಡನ ಮರ್ಯಾದೆ ಉಳಿಸಲು ಅವಳು ಹಾಗೆ ಹೇಳದೆ ಇನ್ನೇನು ಹೇಳುತ್ತಾಳೆ ಅಂದರು ಎಲ್ಲರೂ. ಅದೇ ಹೊತ್ತಿಗೆ ಸರಿಯಾಗಿ ವಾರ್ಡನಮ್ಮನ ಕಾರು ಗಲಾಟೆ ಕೇಳಿ ಹಿಂದಿನ ಬೀದಿಗೇ ಬಂತು. ಕೈಯಲ್ಲಿ ಆರ್ಡರ್ ಕಾಗದ. ಗುಂಪನ್ನು ನೋಡಿ ಆಕೆ ಇಳಿದು ಬಂದರು.

ಬೀದಿಯಲ್ಲಿ ಒಬ್ಬರೂ ನಂಬದ ಸಾಹೇಬರ ಮಾತಿಗೆ ಒಂದು ಸಾಕ್ಷಿ ಮಾತ್ರ ತಾನಾಗಿಯೇ ಮುಂದೆ ಬಂತು. ಗಲಾಟೆಗೆ ಬೆದರಿದ ಮೇಷ್ಟ್ರ ಆಡು ಹಗ್ಗ ಕಿತ್ತುಕೊಂಡು, ಗುಂಪಿನ ನಡುವೆ ನುಗ್ಗಿ, ಎಲ್ಲರೂ ನೋಡನೋಡುತ್ತಿದ್ದಂತೆ ಹಿಂದಿನ ಗೋಡೆ ಹಾರಿ ಸಾಹೇಬರ ಶೆಡ್ಡಿನೊಳಗೆ ಹೋಯಿತು. ಹೋಗಿ, ದಿನವೂ ಬರುವ ಜಾಗಕ್ಕೆ ಬಂದವರ ಹಾಗೆ, ಒಂಬತ್ತನೇ ನಂಬರಿನ ಪಕ್ಕ ನಿಂತು ಅದರ ನೀರಿನ ಬಾನಿಗೆ ಬಾಯಿ ಹಾಕಿತು.

ವಾರ್ಡನಮ್ಮ ಗೋಡೆಯ ಮೇಲಿಂದ ಬಗ್ಗಿ ಅದರ ಕಿವಿಯ ಬಿಲ್ಲೆ ಓದಿದರು. ಸೊಟ್ಟ ಕೊಂಬು, ನಂಬರು ಹದಿನೇಳು.

“ನೋಡಿದ್ರಾ ಮೇಡಂ!” ಸಾಹೇಬರು ಖುಷಿಯಿಂದ ಕುಣಿದರು. “ನಾನು ಹೇಳಿದ್ದೇ ನಿಜ! ದಿನಾ ಹೀಗೇ ಬರುತ್ತೆ, ನಮ್ಮ ಆಡುಗಳ ಜೊತೇಲೇ ತಿನ್ನುತ್ತೆ, ಅದೇ ನೀರು ಕುಡಿಯುತ್ತೆ!”

ಹೇಳಿದ ಮೇಲೆ ತಾವು ಹೇಳಿದ್ದೇನು ಅಂತ ಅವರಿಗೆ ಹೊಳೆಯಿತು. ಕುಣಿಯುತ್ತಿದ್ದ ಕಾಲು ನಿಂತಿತು.

“ದಿನಾ?” ಎಂದರು ವಾರ್ಡನಮ್ಮ.

ಆಕೆ ಕಾಗದವನ್ನು ನಾಲ್ಕಾಗಿ ಮಡಚಿ ಕೈಚೀಲಕ್ಕೆ ಹಾಕಿಕೊಂಡರು. “ಎಲ್ಲಾ ಆಡಿನದ್ದೂ ಹೊಸದಾಗಿ ಟೆಸ್ಟ್ ಆಗ್ಬೇಕು. ನಿಮ್ಮದು ಇನ್ನೂ ಆಗೇ ಇಲ್ಲ. ಅದೆಲ್ಲ ಆದಮೇಲೆ ನೋಡೋಣ. ಅಲ್ಲೀ ತನಕ ಬೇರೆಯವರ ಹತ್ರ ಹಾಲು ತಗೋತೀನಿ.” ಕಾರು ಹೊರಟಿತು. ಭಾವನಿಗೆ ಯಾರು ಫೋನು ಮಾಡಿದರೋ ಗೊತ್ತಿಲ್ಲ, ಸ್ಟೂಲು ಸಿದ್ಧವಾಗಿದೆ ಅನ್ನುವ ಸಂದೇಶ ಸಂಜೆಯೊಳಗೆ ಬಂತು.

ಮೇಷ್ಟ್ರು ಮಾತ್ರ ಅಂದೇ ಹಾಲು ಕಾಯಿಸಿದರು. ಆಡಿಗೆ ರೋಗ ಅಂತ ನಂಬಿಯಲ್ಲ, ಸಾಹೇಬರ ಕೈ ಸೋಕಿತು ಅಂತ. ಬೀದಿಯವರು ಕೂತು ಬಹಳ ಚರ್ಚೆ ಮಾಡಿ, ಕೊನೆಗೆ ಎಲ್ಲರಿಗೂ ಒಪ್ಪಿಗೆಯಾಗುವ ತೀರ್ಮಾನಕ್ಕೆ ಬಂದರು. ಹದಿನೇಳು ಇರುವುದು ಒಂದಲ್ಲ, ಎರಡು. ಒಂದಕ್ಕೆ ನಾಲ್ಕು ಕಾಲು, ಒಂದಕ್ಕೆ ಎರಡು ಕಾಲು. ಎರಡರಿಂದಲೂ ದೂರ ಇರುವುದು ಒಳ್ಳೆಯದು.

ಮರುದಿನ ಬೆಳಗ್ಗೆ ಹೆಂಡತಿ ಮತ್ತೆ ಡಬ್ಬಿಗಳನ್ನು ಜೋಡಿಸಿದಳು. ಒಂದನ್ನು ಗಂಡನ ಕೈಗೆ ಕೊಟ್ಟು, “ಈ ಸಲವಾದ್ರೂ ನಿಮ್ಮ ಹೆಸರು ಬರೀರಿ” ಎಂದಳು.

ಸಾಹೇಬರು ತಮ್ಮ ಹೆಸರನ್ನು, ತಂದೆ-ತಾಯಿ ಇಟ್ಟ ಪೂರ್ತಿ ಹೆಸರನ್ನು, ದಪ್ಪ ಅಕ್ಷರದಲ್ಲಿ ಬರೆದರು. ಡಬ್ಬಿಯನ್ನು ಯಾರಿಂದಲೂ ಮುಚ್ಚಿಡದೆ ಕೈಯಲ್ಲೇ ಹಿಡಿದುಕೊಂಡು ಹೊರಟರು. ಕಿಟಕಿಯಮ್ಮ ನೋಡಿದರೆ ನೋಡಲಿ, ಇನ್ನು ನಾಚಲು ಏನು ಉಳಿದಿದೆ? ಕ್ಲಿನಿಕ್ಕಿನಲ್ಲಿ ಮೇಜಿನ ಹಿಂದೆ ಕೂತಿದ್ದ ಹೆಂಗಸು ಡಬ್ಬಿ ತೆಗೆದುಕೊಂಡು, ಹೆಸರು ಓದಿ, ಹುಬ್ಬು ಗಂಟಿಕ್ಕಿದಳು.

“ಇದು ಯಾರು? ಈ ಹೆಸರಿನವರು ಈ ಸುತ್ತಮುತ್ತ ಯಾರೂ ಇಲ್ವಲ್ಲ?”

“ನಾನೇ ಕಣಮ್ಮಾ!” ಎಂದರು ಸಾಹೇಬರು.

ಅವಳು ತಲೆಯೆತ್ತಿ ಅವರ ಮುಖ ನೋಡಿದಳು. ತಕ್ಷಣ ಡಬ್ಬಿಯನ್ನು ಕೆಳಗಿಟ್ಟು, ಸೋಪಿನ ಕಡೆ ಓಡಿ, ಕೈ ಉಜ್ಜಿ ಉಜ್ಜಿ ತೊಳೆದುಕೊಂಡು ಬಂದಳು. ಆಮೇಲೆ ಪೆನ್ನು ತೆಗೆದು ಅವರ ಹೆಸರನ್ನು ಪೂರ್ತಿ ಹೊಡೆದುಹಾಕಿ, ಅದರ ಮೇಲೆ ದಪ್ಪಗೆ ‘೧೭’ ಎಂದು ಬರೆದಳು.

“ಹೀಗೆ ಬರೆದ್ರೆ ಗೊಂದಲ ಆಗಲ್ಲ” ಎಂದಳು.